ಇಂಟರ್‌ಸ್ಟೇಟ್ ಸಂಬಂಧ

ಲಿಂಗಸುಗೂರಿನಲ್ಲಿ ನನ್ನದೊಂದು ಹಳೇ ಟ್ರ್ಯಾಕ್ಟರ್ ಮಾರುವ ಅಂಗಡಿ ಇದೆ. ಬೋರ್ಡಿನಲ್ಲಿ ನನ್ನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ‘ಇಂಟರ್‌ಸ್ಟೇಟ್ ಡೀಲರ್’ ಎಂದು ಬರೆಸಿದ್ದೇನೆ. ಕರ್ನೂಲಿನಿಂದ ಒಂದೇ ಒಂದು ಟ್ರ್ಯಾಕ್ಟರ್ ತಂದಿದ್ದೆ. ಅದೂ ನಡುದಾರಿಯಲ್ಲಿ ಕೆಟ್ಟು, ಲಾರಿ ಮೇಲೆ ಕೂತು ಬಂತು. ಬಂದದ್ದು ಗಿರಾಕಿಯಿಲ್ಲದೆ ಅಂಗಡಿ ಮುಂದೆಯೇ ನಿಂತಿತು. ಆದರೂ ಗಡಿ ದಾಟಿತೋ ಇಲ್ಲವೋ?

ನೀವು ಅಂಗಡಿ ತೆರೆಯುವವರಿದ್ದರೆ ಕೇಳಿ: ಬಂಡವಾಳ ಕಡಿಮೆಯಿದ್ದರೂ ಚಿಂತೆಯಿಲ್ಲ, ಬೋರ್ಡಿಗೊಂದು ಇಂಗ್ಲಿಷ್ ಪದ ಬೇಕು. ಡಿಕ್ಷನರಿಯಲ್ಲಿ ಇಂಟರ್‌ಸ್ಟೇಟ್ ಎಂದರೆ ರಾಜ್ಯ ರಾಜ್ಯಗಳ ನಡುವಿನದು, ಅಷ್ಟೆ. ಬಳಕೆಯಲ್ಲಿ ಅದೊಂದು ಬಿರುದು. ಕೋಳಿ ಕದ್ದವನು ಊರಲ್ಲೇ ಸಿಕ್ಕರೆ ಬರೀ ಕಳ್ಳ. ಗಡಿಯ ಕೃಷ್ಣಾ ಸೇತುವೆಯಾಚೆ ಸಿಕ್ಕರೆ ಪೇಪರಿನಲ್ಲಿ ‘ಅಂತರರಾಜ್ಯ ಕಳ್ಳ’. ಕೋಳಿ ಅದೇ, ಮರ್ಯಾದೆ ಬೇರೆ. ನೀರು ಗಡಿ ದಾಟಿದರಂತೂ ‘ಅಂತರರಾಜ್ಯ ಜಲವಿವಾದ’ವಾಗಿ ವಕೀಲರ ಮೊಮ್ಮಕ್ಕಳನ್ನೂ ಸಾಕುತ್ತದೆ.

ಇಂಥ ಪದವನ್ನು ಚೌಕಾಸಿಗೂ ಬಳಸಬಹುದೆಂಬ ಬುದ್ಧಿ ಹೋದ ವರ್ಷ ಹೊಳೆಯಿತು. ಅಕ್ಕನ ಮಗ ಬಸವರಾಜ, ಪಾಮನಕಲ್ಲೂರಿನವನು, ಸಿಂಧನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಅಲ್ಲೇ ಹತ್ತಿರದ ಕ್ಯಾಂಪಿನ ಸುಜಾತಳನ್ನು ಮೆಚ್ಚಿ, ಬೇರೆ ಹೆಣ್ಣು ಒಲ್ಲೆ ಎಂದು ಕೂತ. ಕ್ಯಾಂಪೆಂದರೆ, ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು ಭತ್ತ ಹಚ್ಚಿದವರ ಊರು. ವ್ಯವಹಾರಸ್ಥನೆಂದು ಅಕ್ಕ ಬಸವರಾಜನ ಜೊತೆ ನನ್ನನ್ನೇ ಮಾತಿಗೆ ಕಳಿಸಿದಳು. ಮಸ್ಕಿ ದಾಟುವಷ್ಟರಲ್ಲಿ ನನ್ನ ಲೆಕ್ಕಾಚಾರ ಸಿದ್ಧವಿತ್ತು.

“ಇದು ಇಂಟರ್‌ಸ್ಟೇಟ್ ಸಂಬಂಧ ನೋಡ್ರಿ,” ಎಂದೆ ಹುಡುಗಿಯ ಮನೆಯವರಿಗೆ. “ಭಾಷಾ ಬ್ಯಾರೆ, ಊಟ ಬ್ಯಾರೆ. ನಮ್ಮ ಮಂದಿ ಒಪ್ಪಬೇಕಂದ್ರ ಲಗ್ನದ ಖರ್ಚೆಲ್ಲಾ ನೀವ ನೋಡಬೇಕು.”

ಸುಜಾತಳ ಅಜ್ಜಿ ಎಲೆಯಡಿಕೆ ಪಕ್ಕಕ್ಕಿಟ್ಟಳು. “ಯಾವ ಸ್ಟೇಟು ಬಾಬು? ನಾ ಇಲ್ಲಿಗೆ ಬಂದಾಗ ನೀ ಹುಟ್ಟಿದ್ದಿಲ್ಲ. ನನ್ನ ಮಗ, ಈ ಹುಡುಗಿ, ಎಲ್ಲಾರೂ ಸಿಂಧನೂರು ದವಾಖಾನ್ಯಾಗ ಹುಟ್ಯಾರ.”

ನಾನು ಬಿಡುವವನಲ್ಲ. ಆದರೂ, ಏನೇ ಅನ್ನಿ, ಎಂದು ಶುರುಮಾಡುವಷ್ಟರಲ್ಲಿ ಸುಜಾತ ಮಜ್ಜಿಗೆ ತಂದಳು.

“ಮಾವಾರ, ನಿಮ್ಮ ಅಕ್ಕಾರ ಮನ್ಯಾಗ ನಳ ಐತೇನ್ರಿ?”

“ಐತವಾ.”

“ನೀರು?”

ನಾನು ಮಜ್ಜಿಗೆ ಕುಡಿದೆ.

“ಇಲ್ಲಿ ಬಾಗಿಲ ಮುಂದ ಕಾಲುವಿ ಹರೀತದ. ಅಲ್ಲಿ ನಾ ಕೊಡ ಹೊರಬೇಕು. ಹಂಗಾರ ಸ್ಟೇಟ್ ದಾಟಾಕಿ ನಾನ ಅಲ್ಲೇನ್ರಿ? ದಾಟಾಕಿಗೆ ನೀವೇನು ಕೊಡ್ತೀರಿ, ಮೊದಲು ಅದನ್ನ ಹೇಳ್ರಿ. ಆಮ್ಯಾಲೆ ಲಗ್ನದ ಮಾತು.”

ಬಸವರಾಜ ನನ್ನ ಕಿವಿಗೆ ಬಾಯಿಟ್ಟ: “ಮಾಮಾ, ಈ ಸಂಬಂಧ ಮುರೀತಂದ್ರ ನಿನ್ನ ಬೋರ್ಡಿಗೆ ಬೆಂಕಿ ಹಚ್ಚತೀನಿ.”

ಎಷ್ಟೋ ರೈತರಿಗೆ ಕೆಟ್ಟ ಗೇರಿನ ಗಾಡಿಯನ್ನು ಹೊಗಳಿ ಮಾರಿದವನು ನಾನು. ಅವತ್ತು ಗಾಡಿಯೂ ನಾನೇ, ಗೇರೂ ನನ್ನದೇ. ಖರ್ಚು ಅರ್ಧರ್ಧ ಎಂದೆ. ಸುಜಾತ ಅಲುಗಲಿಲ್ಲ. ಅಂಗಳದಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸುತ್ತೇನೆ ಎಂದೆ. “ತೊಟ್ಟಿ ತುಂಬಾವ್ರು ಯಾರ್ರಿ?” ಎಂದಳು. ಕೊನೆಗೆ, ಕರ್ನೂಲಿನ ಟ್ರ್ಯಾಕ್ಟರನ್ನು ರಿಪೇರಿ ಮಾಡಿಸಿ, ನೀರಿನ ಟ್ಯಾಂಕರ್ ಕಟ್ಟಿ ಕೊಡುವುದಾಗಿ ಬಾಯಿಬಿಟ್ಟೆ. ಅಜ್ಜಿ ಎಲೆಯಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

ಹೆಣ್ಣು ಕೇಳಲು ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಗಡಿ ಎಲ್ಲಿದೆ ಎಂದು ನಕಾಶೆಯಲ್ಲಿ ನೋಡಬೇಡಿ, ನೀರು ಹೊರುವವರನ್ನು ಕೇಳಿ.

ಆ ಟ್ರ್ಯಾಕ್ಟರ್ ಈಗ ದಿನಾ ಊರಾಚೆಯ ಬೋರಿನಿಂದ ಅಕ್ಕನ ಮನೆಗೆ ನೀರು ತರುತ್ತದೆ, ಅಷ್ಟೇ ದೂರ. ಟ್ಯಾಂಕರಿನ ಹಿಂದೆ ಸುಜಾತ ದಪ್ಪ ಅಕ್ಷರದಲ್ಲಿ ‘ಇಂಟರ್‌ಸ್ಟೇಟ್’ ಎಂದು ಬರೆಸಿದ್ದಾಳೆ. ಪೇಂಟರನ ಬಿಲ್ಲು ನನ್ನ ಅಂಗಡಿಗೆ ಬಂತು.