ಶಿಲ್ಪಾ ಉರು ಹೊಡೆಯದ ಪ್ರಬಂಧ

ಕೇಳಿ ಮಕ್ಕಳೇ, ನಮ್ಮ ನಾಗರಬಾವಿ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಬಾಗಲಕೋಟೆಯ ಶಿಲ್ಪಾಗೆ ಇವತ್ತು ಇಂಗ್ಲಿಷ್ ಸಾಹಿತ್ಯದ ಪರೀಕ್ಷೆ. ಬೆಳಿಗ್ಗೆ ಪಠ್ಯದ ಕಾದಂಬರಿಯೊಂದರ ಮೇಲಿನ ಗೈಡಿನ ಪ್ರಬಂಧ ಉರು ಹೊಡೆಯುತ್ತಾ, ಅರ್ಧಕ್ಕೇ ಮರೆತು ಅಳುತ್ತಿದ್ದಳು.

"ಆ ಕಾದಂಬರಿ ಕತೆ ಏನೇ?" ಅಂದೆ.

ಕ್ಷಮೆ ಕೇಳಲು ಬಂದ ಅಣ್ಣನಿಗೆ ನಾಯಕಿ ಬಾಗಿಲನ್ನೇ ತೆಗೆಯುವುದಿಲ್ಲವಂತೆ.

"ಕಲ್ಲು ಮನಸ್ಸಿನವಳು ಕಣೇ."

"ಹಂಗ್ಯಾಕಂತೀರಿ ಆಂಟಿ? ಆಸ್ತಿ ಸಲುವಾಗಿ ಆಕೀನ್ನ ಹೊರಗ ಹಾಕಿದಾಂವ ಅಂವಾ." ಕಣ್ಣೊರೆಸಿಕೊಂಡು ಜಗಳಕ್ಕೇ ನಿಂತಳು.

"ಹೋಗು, ಇದನ್ನೇ ಬರಿ," ಅಂದೆ.

ಸಂಜೆ ಕುಣಿಯುತ್ತಾ ಬಂದಳು. "ಆಂಟಿ, ಗೈಡಿನ ಪ್ರಶ್ನೆ ಒಂದೂ ಬರಲಿಲ್ರೀ. ಆಕಿ ಮಾಡಿದ್ದು ಸರಿಯೋ ತಪ್ಪೋ ಬರೀರಿ ಅಂತಿತ್ತು. ನಿಮಗ ಹೇಳಿದ್ದೆಲ್ಲಾ ಇಂಗ್ಲಿಷ್‌ನ್ಯಾಗ ಬರದೆ, ಹಾಳಿ ಸಾಲಲಿಲ್ಲ."

ಪೇಪರ್ ತಿದ್ದುವವರು ಖಂಡಿತ ಒಪ್ಪುತ್ತಾರೆ. ನಾನಂತೂ ಇನ್ನೂ ಒಪ್ಪಿಲ್ಲ. ಊಟಕ್ಕೆ ಕರೆದಿದ್ದೀನಿ, ಜಗಳ ಬಾಕಿಯಿದೆ.