ಭಾವ ನೋಡಿದ ಕೆಂಪು ಕಾರು

ನಮ್ಮ ಭಾವ ಆಸ್ಪತ್ರೆಯ ಹೆಣದ ವ್ಯಾನಿನ ಡ್ರೈವರು. ಕಾಗದದಲ್ಲಿ 'ಶವವಾಹನ ಚಾಲಕ' ಎಂದಿದೆ, ಓಣಿಯವರ ಬಾಯಲ್ಲಿ 'ಕೊನೇ ಬಸ್ಸು'. ಎದುರಿಗೇ ಹಾಗೆ ಕರೆಯುತ್ತಾರೆ, ಇವರೂ 'ಹೂಂ' ಎನ್ನುತ್ತಾರೆ. ಕೋಪ ಮಾಡಿಕೊಳ್ಳುವುದು ಅವರ ಜಾಯಮಾನದಲ್ಲೇ ಇಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನೇ ಮಾಡಿಕೊಳ್ಳುತ್ತೇನೆ.

ಬೆಳಿಗ್ಗೆ ಎದ್ದು ವ್ಯಾನು ತೊಳೆಯುತ್ತಾರೆ. ಅಳುವವರಿಗೆಂದು ಮುಂದೆ ಒಂದು ಬಾಟಲಿ ನೀರು, ಒಗೆದ ಟವೆಲ್ಲು ಇಟ್ಟುಕೊಳ್ಳುತ್ತಾರೆ. ಊರಿನ ರಸ್ತೆಗುಂಡಿಗಳೆಲ್ಲ ಅವರಿಗೆ ಬಾಯಿಪಾಠ. ಮಾತು ಕಡಿಮೆ. ಅವರ ಗಿರಾಕಿಗಳೂ ಮಾತಾಡುವವರಲ್ಲ ಬಿಡಿ.

ನನ್ನದು ಹಳೇ ಕಾರು ಮಾರುವ ಯಾರ್ಡಿನಲ್ಲಿ ಕೆಲಸ. ಒಂದು ಬೆಳಿಗ್ಗೆ ಭಾವ ಬಂದು ಸೀದಾ ಕೆಂಪು ಹ್ಯಾಚ್‌ಬ್ಯಾಕಿನ ಮುಂದೆ ನಿಂತರು.

"ಇದನ್ನ ತೊಗೊಳ್ಳೋಣ ಅಂತಿದ್ದೀನಿ ಕಣಯ್ಯಾ."

ಅದು ಅಂತಿಂಥ ಕಾರಲ್ಲ. ನೋಡಲು ಪುಟ್ಟದು, ಒಳಗಿನ ಟರ್ಬೊ ಎಂಜಿನ್ನು ಮಾತ್ರ ಎರಡು ಕಾರಿಗೆ ಸಾಲುವಂಥದ್ದು. ಹಿಂದೆ ಜೋಡಿ ಸೈಲೆನ್ಸರ್, ಸೀಟಿಗೆ ಕೆಂಪು ಹೊಲಿಗೆ, ಸ್ಟೀರಿಂಗಿನ ಮೇಲೆ 'ಸ್ಪೋರ್ಟ್' ಎಂಬ ಗುಂಡಿ. ಮೊದಲ ಮಾಲೀಕ ಆಸೆಪಟ್ಟು ಕೊಂಡು ನಾಲ್ಕು ತಿಂಗಳು ಓಡಿಸುವಷ್ಟರಲ್ಲಿ ಹೆಂಡತಿಗೆ ಅವಳಿ ಹುಟ್ಟಿ, ಮಕ್ಕಳ ತಳ್ಳುಗಾಡಿ ಡಿಕ್ಕಿಯಲ್ಲಿ ಹಿಡಿಸದೆ, ಅಳುಮೋರೆ ಮಾಡಿಕೊಂಡು ಬಿಟ್ಟುಹೋಗಿದ್ದ. ಸೀಟಿನ ಪ್ಲಾಸ್ಟಿಕ್ಕನ್ನೂ ಪೂರ್ತಿ ಕಿತ್ತಿರಲಿಲ್ಲ.

"ಆರು ಸೆಕೆಂಡಿಗೆ ನೂರು ಮುಟ್ಟತ್ತೆ ಭಾವ," ಎಂದೆ, ಹೆದರಲಿ ಅಂತಲೇ.

"ನೂರರಿಂದ ಸೊನ್ನೆಗೆ ಬರೋಕೆ?"

ಈ ಪ್ರಶ್ನೆಯನ್ನು ಇದುವರೆಗೆ ಯಾವ ಗಿರಾಕಿಯೂ ಕೇಳಿರಲಿಲ್ಲ. ಅಷ್ಟರಲ್ಲಿ ಅವರು ಹಿಂದಿನ ಬಾಗಿಲೆತ್ತಿ, ಸೀಟು ಮಡಚಿ, ಕಣ್ಣಲ್ಲೇ ಅಳೆದರು.

"ಐದೂಕಾಲು ಅಡಿ. ಉದ್ದ ಇರೋರಿಗೆ ಕಷ್ಟ."

"ಭಾವ, ಇದರಲ್ಲಿ ಜನ ಕೂತ್ಕೋತಾರೆ!"

"ಹೌದಲ್ಲ," ಎಂದು ಮುಚ್ಚಿದರು. "ಅಭ್ಯಾಸ."

ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಗದರಿದೆ. ದುಡ್ಡಿದೆ ಎಂದರು. ಎಲ್ಲಿಗೂ ಹೋಗದವರ ಹತ್ತಿರ ದುಡ್ಡು ಉಳಿಯುತ್ತದೆ, ಅದು ಗ್ರಹಚಾರ.

"ಹಾಗಾದ್ರೆ ಒಂದು ಸಾದಾ ಕಾರು ತೊಗೊಳ್ಳಿ. ಇಂಥ ದೆವ್ವ ಯಾಕೆ?"

"ನಿಮ್ಮಕ್ಕ ಕೂರ್ಬೇಕಲ್ಲ."

ಭಾವ ಓಡಿಸುವ ಯಾವ ಗಾಡಿಯಲ್ಲೂ ಅಕ್ಕ ಕೂರುವುದಿಲ್ಲ. ಮದುವೆಯಾದ ಹೊಸತರಲ್ಲಿ ಭಾವ ನನ್ನ ಸ್ಕೂಟರು ಕೇಳಿ ಪಡೆದು ಅವಳನ್ನು ಸಿನಿಮಾಕ್ಕೆ ಹೊರಡಿಸಿದ್ದರು. ಹೋದ ವೇಗ ಹೇಗಿತ್ತೆಂದರೆ ದಾರಿಯಲ್ಲಿದ್ದವರು ಬದಿಗೆ ಸರಿದು, ಮಾತು ನಿಲ್ಲಿಸಿ, ತಲೆ ತಗ್ಗಿಸಿ ನಿಂತರಂತೆ. ಅರ್ಧ ದಾರಿಯಲ್ಲಿ ಅಕ್ಕ ಇಳಿದು ನಡೆದಳು. ಅವಳು ಟಿಕೆಟ್ ಕೊಂಡು, ಒಳಗೆ ಹೋಗಿ, ಕಥೆ ಅರ್ಥವಾದ ಮೇಲೆ ಭಾವ ಬಂದರು. ಅವತ್ತೇ ಹೇಳಿಬಿಟ್ಟಳು: "ಇನ್ನು ನಿಮ್ಮ ಗಾಡಿ ಹತ್ತೋದು ಒಂದೇ ಸಲ. ಆಗ ನಾನು ಗೊಣಗಲ್ಲ ಬಿಡಿ." ಅಂದಿನಿಂದ ಇಬ್ಬರಿಗೂ ಬಸ್ಸೇ ಗತಿ. ವ್ಯಾನಿನಲ್ಲಿ ಭಾವನ ಪಕ್ಕ ಕೂರುವವರಿದ್ದಾರೆ, ಆದರೆ ಅವರು ಅಳುತ್ತಿರುತ್ತಾರೆ. ಇಷ್ಟಪಟ್ಟು ಯಾರೂ ಕೂತಿಲ್ಲ.

"ಅವಳದ್ದೇನೂ ತಪ್ಪಿಲ್ಲ," ಎಂದರು. "ಗಾಡಿಗಳದ್ದೇ ತಪ್ಪು. ಇದು ತಾನಾಗೇ ಓಡತ್ತಂತಲ್ಲ?"

ನನಗೆ ಮೈಯೆಲ್ಲ ಉರಿಯಿತು. ಜಾಹೀರಾತನ್ನು ನಂಬುವವರಿದ್ದಾರೆ, ಗೊತ್ತು. ನನ್ನ ಮಾತನ್ನು ನಂಬುವವರೂ ಇದ್ದಾರೆ. ಆದರೆ ವೇಗ ಕಾರಿನಲ್ಲಿರುತ್ತದೆ, ಓಡಿಸುವವನ ಕಾಲಿನಲ್ಲಲ್ಲ ಎಂದು ಒಬ್ಬ ಡ್ರೈವರೇ ನಂಬಿದ್ದನ್ನು ಅಂದೇ ಕಂಡದ್ದು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಒಂದು ಸುತ್ತು ಹೋದರೆ ಬುದ್ಧಿ ಬರುತ್ತದೆ ಎಂದು ಕೀಲಿ ಕೊಟ್ಟೆ. ಅದಕ್ಕೂ ಮೊದಲು ಮರೆಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ.

ಗೇಟು ದಾಟಿದೆವು. ಎದುರಿಗೆ ನೆಟ್ಟಗಿನ ರಸ್ತೆ. ಭಾವ ಸ್ಪೋರ್ಟ್ ಗುಂಡಿ ಒತ್ತಿದರು. ಎಂಜಿನ್ನು ಗುರ್ ಎಂದಿತು. ಮುಳ್ಳು ಹದಿನೆಂಟಕ್ಕೆ ಬಂದು ಅಲ್ಲೇ ನಿಂತಿತು.

"ಒತ್ತಿ ಭಾವ."

"ಒತ್ತಿದ್ದೀನಲ್ಲ."

ಬ್ರೆಡ್ಡಿನ ಬುಟ್ಟಿ ಕಟ್ಟಿಕೊಂಡ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ, ತಿರುಗಿ ನೋಡಿ, ಅಯ್ಯೋ ಪಾಪ ಎನ್ನುವ ಮುಖ ಮಾಡಿ ಹೋದ. ಹಿಂದೆ ಹಾರ್ನು ಶುರುವಾಯಿತು.

"ಯಾರಿಗೆ ಹೊಡೀತಿದ್ದಾರೆ?" ಎಂದರು ಭಾವ.

"ನಮಗೇ."

"ನಮಗಾ?" ಅವರ ಮುಖ ಬಿಳಿಚಿಕೊಂಡಿತು. ಆಗ ನನಗೂ ಹೊಳೆಯಿತು. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ಅವರಿಗೆ ಹಾರ್ನು ಹೊಡೆದೇ ಇಲ್ಲ. ಹೆಣದ ವ್ಯಾನಿಗೆ ಯಾವನು ಹೊಡೆದಾನು?

ಟ್ಯಾಕ್ಸಿಯವನೊಬ್ಬ ಪಕ್ಕಕ್ಕೆ ಬಂದು ಗಾಜಿಳಿಸಿದ. "ಏನ್ರೀ, ಹೆಣ ಸಾಗಿಸ್ತಿದ್ದೀರಾ?"

"ಇಲ್ಲಪ್ಪ," ಎಂದರು ಭಾವ ವಿನಯದಿಂದ. "ಇವತ್ತು ರಜೆ."

ಅವನು ನಮ್ಮನ್ನೊಮ್ಮೆ, ಡಿಕ್ಕಿಯನ್ನೊಮ್ಮೆ ನೋಡಿದ. ಗಾಜು ಏರಿಸಿಕೊಂಡು ಹೋದ.

ಯಾರ್ಡಿಗೆ ಮರಳಿದಾಗ ಗೇಟಿನಲ್ಲಿ ಅಕ್ಕ ನಿಂತಿದ್ದಳು. ಮನೆಯಲ್ಲಿ ಶಾಲೆ ಯೂನಿಫಾರಂ ಹೊಲಿಯುತ್ತಾಳೆ, ಅಳತೆ ಟೇಪು ಕೊರಳಲ್ಲೇ ಇತ್ತು.

"ಏನ್ರೀ ಇದು? ಈ ವಯಸ್ಸಲ್ಲಿ ಕೆಂಪು ಕಾರು! ಯಾರನ್ನ ಕೂರಿಸ್ಕೊಂಡು ಮೆರೀಬೇಕು ಅಂತ?"

"ನಿನ್ನನ್ನೇ."

ಅಕ್ಕ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡಳು.

"ಆದ್ರೆ ಇದು ಆಗಲ್ಲ ಬಿಡು," ಎಂದರು ಭಾವ. "ಗಾಡಿ ಚೆನ್ನಾಗಿದೆ. ನನ್ನ ಕಾಲೇ ಒತ್ತಲ್ಲ."

"ಅದೇ ಯಾಕೆ ಅಂತ! ಎಲ್ಲರ ಕಾಲೂ ಒತ್ತತ್ತಪ್ಪ, ನಿಮ್ಮದಕ್ಕೇನು ದೊಡ್ಡರೋಗ?" ಎಂದು ಸಿಡುಕಿದಳು ಅಕ್ಕ.

ಭಾವ ಬಾನೆಟ್ಟಿನ ಧೂಳನ್ನು ತೋಳಿನಿಂದ ಒರೆಸಿದರು. "ನಮ್ಮ ಮದುವೆಗೂ ಮುಂಚೆ. ಕೆಲಸಕ್ಕೆ ಸೇರಿದ ಹೊಸದು. ಒಬ್ಬ ಶಾಲೆ ಹುಡುಗ. ತಾಯಿ ಹಿಂದೆ ಕೂತು ಅವನ ತಲೇನ ತೊಡೆ ಮೇಲಿಟ್ಕೊಂಡಿದ್ಲು. ಗುಂಡಿ ಬಂತು, ಗಾಡಿ ಎತ್ತಿಹಾಕ್ತು. 'ಮೆಲ್ಲಗೆ ಹೋಗಪ್ಪಾ, ಮಗೂಗೆ ಪೆಟ್ಟಾಗತ್ತೆ' ಅಂದ್ಲು." ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. "ಪೆಟ್ಟಾಗಲ್ಲ ಅಂತ ನಂಗೊತ್ತು. ಅವಳಿಗೂ ಗೊತ್ತಿತ್ತೇನೋ. ಅವತ್ತಿಂದ ಕಾಲು ಒತ್ತಲಿಲ್ಲ."

"ಇಷ್ಟು ವರ್ಷ ಹೇಳಲೇ ಇಲ್ವಲ್ರೀ!"

"ಆ ಕೆಲಸದ ಮಾತು ಮನೆಗೆ ಯಾಕೆ ಅಂತ."

ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಅಕ್ಕನಿಗೆ ಕೋಪ ಬಂತು. ಅಳು ಬರುವ ಮುಂಚೆ ಅವಳಿಗೆ ಕೋಪವೇ ಬರುವುದು. ಮುಂದಿನ ಬಾಗಿಲು ತೆಗೆದು, ಧಪ್ಪೆಂದು ಕೂತು, ಇನ್ನೂ ಜೋರಾಗಿ ಬಾಗಿಲು ಹಾಕಿಕೊಂಡಳು.

"ಮುಖ ಏನ್ ನೋಡ್ತಿದ್ದೀರಿ? ಓಡಿಸಿ."

ನಾನು ಹಿಂದೆ ಮುದುರಿ ಕೂತೆ. ಅದೇ ರಸ್ತೆ, ಅದೇ ಹದಿನೆಂಟು. ರಸ್ತೆಯುಬ್ಬನ್ನು ಭಾವ ಎಷ್ಟು ನಯವಾಗಿ ಹತ್ತಿಸಿ ಇಳಿಸಿದರೆಂದರೆ ಅಕ್ಕನ ಕೊರಳಿನ ಟೇಪು ಅಲುಗಲಿಲ್ಲ. ಅವಳು ಅದನ್ನು ಗಮನಿಸಿದಳು. ಹಿಂದೆ ಮತ್ತೆ ಹಾರ್ನು. ಅಕ್ಕ ಗಾಜಿಳಿಸಿ, ಅರ್ಧ ಮೈ ಹೊರಹಾಕಿ, "ಏನ್ರೋ ಅವಸರ ನಿಮಗೆ? ಆಕಾಶ ಕಳಚಿ ಬೀಳತ್ತಾ?" ಎಂದು ಕೂಗಿದಳು. ಭಾವ ರಸ್ತೆಯ ಮೇಲಿನ ಕಣ್ಣು ಕದಲಿಸಲಿಲ್ಲ. ಹಿಂದಿನಿಂದ ನನಗೆ ಕಾಣುತ್ತಿದ್ದ ಅವರ ಕಿವಿ ಮಾತ್ರ ಕೆಂಪಾಗಿತ್ತು.

ಯಾರ್ಡಿಗೆ ತಿರುಗುವ ಮೂಲೆಯಲ್ಲಿ ಅವಳು ಕೇಳಿದಳು. "ರೀ, ಬೇರೆ ಕಾರಾದ್ರೂ ನೀವು ಹೀಗೇ ಓಡಿಸೋದಾ?"

"ಹೀಗೇ."

ಅಕ್ಕ ನನ್ನ ಕಡೆ ತಿರುಗಿದಳು. "ಹಾಗಾದ್ರೆ ಇಷ್ಟು ದುಬಾರಿದು ಯಾಕೋ? ಯಾವುದಾದ್ರೂ ಹಳೇದು ತೋರ್ಸು. ಮುಂದಿನ ಸೀಟು ಮಾತ್ರ ಮೆತ್ತಗಿರಲಿ. ದಿನಾ ಕೂರೋಳು ನಾನು."