ಅತ್ತಿಗೆಯ ಕಡೆಯ ಬಾಗಿಲು

ಕಾರಿನ ಹೊಳೆಯುವ ಬೆಳ್ಳಿಬಣ್ಣದ ಪಟ್ಟಿಗಳಿಗೆ ಕಪ್ಪು ಸ್ಪ್ರೇ ಹೊಡೆಯುವುದು ನಮ್ಮಣ್ಣನ ಕಸುಬು. ಒಣಗಿದ ಮೇಲೆ ಅದು ತೆಳು ರಬ್ಬರಿನಂತಾಗುತ್ತದೆ, ಬೇಜಾರಾದರೆ ಸುಲಿದು ಬಿಸಾಡಬಹುದು. ಕೋಟು ಕಡಿಮೆಯಾದರೆ ಸುಲಿಯುವಾಗ ಚೂರುಚೂರಾಗುತ್ತದೆಂದು ಅವನು ಒಂದರ ಮೇಲೊಂದು ಹೊಡೆಯುತ್ತಲೇ ಇರುತ್ತಾನೆ. ಗಿರಾಕಿ ಅವಸರ ಮಾಡಿದರೆ, "ಹಾಗಾದ್ರೆ ನೀವೇ ಹೊಡ್ಕೊಳ್ಳಿ" ಎಂದು ಸ್ಪ್ರೇ ಗನ್ನನ್ನು ಕೈಗೆ ಕೊಟ್ಟುಬಿಡುತ್ತಾನೆ. ಮೂಗಿನ ತುದಿಯಲ್ಲೇ ಕೋಪ.

ಕೋಟು ಒಣಗಲು ಗಂಟೆಗಟ್ಟಲೆ ಕಾಯುವವನಿಗೆ ಹೆಂಡತಿಗಾಗಿ ಅರೆ ನಿಮಿಷ ಕಾಯಲಾಗದು. ಅತ್ತಿಗೆಯೋ, ಬಾಗಿಲಿನ ಬೆಳ್ಳಿ ಪಟ್ಟಿಗೆ ಬಗ್ಗಿ, ಅದರಲ್ಲಿ ಮುಖ ನೋಡಿ ತಲೆಗೂದಲು ಸರಿಮಾಡಿಕೊಳ್ಳದೆ ಕಾರು ಹತ್ತುವವರಲ್ಲ. ಅಷ್ಟರಲ್ಲಿ ಅಣ್ಣ ಹಾರ್ನ್ ಬಾರಿಸಿ ಬೀದಿಯನ್ನೇ ಎಬ್ಬಿಸುತ್ತಿದ್ದ.

ಒಮ್ಮೆ ಅತ್ತಿಗೆ ತವರಿಗೆ ಹೋಗಿದ್ದಾಗ ಅವನು ಮನೆಯ ಕಾರಿನ ಪಟ್ಟಿಗಳಿಗೂ ಕಪ್ಪು ಹೊಡೆದ. ವಾಪಸು ಬಂದ ಅತ್ತಿಗೆ ಮಾರನೆಯ ದಿನ ಎಂದಿನಂತೆ ಬಾಗಿಲ ಹತ್ತಿರ ಬಗ್ಗಿದರು. ಏನೂ ಕಾಣದೆ ಹಾಗೇ ನಿಂತರು.

"ಗಾಜಲ್ಲಿ ನೋಡ್ಕೋ," ಅಂದ ಅಣ್ಣ, ಒಳಗಿನಿಂದಲೇ.

"ಗಾಜಲ್ಲಿ ನಾನೆಲ್ಲಿ ಕಾಣ್ತೀನಿ? ಸಿಡುಕ್ತಾ ಕೂತಿರೋ ನೀವೇ ಕಾಣ್ತೀರಿ."

ಅಣ್ಣ ಇಳಿದು ಬಂದ, ಉಗುರಿನಿಂದ ಅಂಚು ಎಬ್ಬಿಸಿ, ಆ ಬಾಗಿಲಿನ ಕಪ್ಪನ್ನು ಒಂದೇ ಎಳೆತಕ್ಕೆ ರಿಬ್ಬನ್ನಿನಂತೆ ಸುಲಿದ.

ಈಗ ಉಳಿದ ಪಟ್ಟಿಗಳೆಲ್ಲ ಕಪ್ಪು, ಅದೊಂದು ಮಾತ್ರ ಬೆಳ್ಳಿ. "ಇದೊಂದನ್ನ ಯಾಕೆ ಬಿಟ್ರಿ?" ಎಂದು ಗಿರಾಕಿಗಳು ನಗುತ್ತಾರೆ. "ನಿಮ್ಮ ಕಾರು ನೋಡ್ಕೊಳ್ಳಿ," ಎಂದು ಅಣ್ಣ ಸಿಡುಕುತ್ತಾನೆ. ಅತ್ತಿಗೆ ಈಗಲೂ ಆ ಪಟ್ಟಿಗೆ ಬಗ್ಗುತ್ತಾರೆ. ಅಣ್ಣ ಈಗಲೂ ಹಾರ್ನ್ ಬಾರಿಸುತ್ತಾನೆ.